ಟಿಪ್ಪುವಿನ ಸಿಪಾಯಿಗೆ ಅಂಗಿ ಹೊಲಿದ ಕಥೆ

ಹಳದಿ ಬಟ್ಟೆ, ಮೇಲೆ ಕಪ್ಪು ಪಟ್ಟೆ. ನಮ್ಮ ಹವ್ಯಾಸಿ ತಂಡದ ನಾಟಕಕ್ಕೆ ಟಿಪ್ಪು ಸುಲ್ತಾನನ ಆರು ಜನ ಸಿಪಾಯಿಗಳ ಉಡುಪು ಬೇಕು ಅಂದಾಗ ನಾನು ಮೊದಲು ಹೊಲಿದದ್ದು ಅದನ್ನೇ. ಇಂಟರ್ನೆಟ್ಟಿನಲ್ಲಿ ಹುಡುಕಿದೆ, ಮೇಲೆ ಮೇಲೆ ಬಂದ ಚಿತ್ರಗಳನ್ನು ನಂಬಿದೆ, ಕತ್ತರಿ ಹಾಕಿಬಿಟ್ಟೆ. ತಾಲೀಮು ನೋಡಲು ಬಂದಿದ್ದ ನಿವೃತ್ತ ಇತಿಹಾಸ ಮೇಷ್ಟ್ರೊಬ್ಬರು ಅಂಗಿಯ ತೋಳು ಹಿಡಿದು ನೋಡಿ, "ಇಂಥದ್ದನ್ನು ಕಣ್ಣಾರೆ ಕಂಡವರು ಯಾರಮ್ಮಾ?" ಅಂತ ಕೇಳಿದರು. ಉತ್ತರ ನನ್ನ ಬಳಿ ಇರಲಿಲ್ಲ. ಆರೂ ಅಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ಹಾಕಿದೆ.

ಈಗ ಯಾವ ಚಿತ್ರ ಸಿಕ್ಕರೂ ಉಡುಪಿನ ಕಡೆ ಆಮೇಲೆ ನೋಡುತ್ತೇನೆ. ಬರೆದವನು ಯಾರು, ಯಾವ ವರ್ಷ ಬರೆದ, ಆ ಹೊತ್ತಿಗೆ ಅವನು ಎಲ್ಲಿದ್ದ, ಇದು ಮೊದಲು. ಟಿಪ್ಪುವಿನ ವಿಷಯದಲ್ಲಿ ಈ ಜರಡಿ ಹಿಡಿದರೆ ಹೆಸರುವಾಸಿ ಚಿತ್ರಗಳೇ ಮೊದಲು ಉದುರುತ್ತವೆ. 1799ರಲ್ಲಿ ಇಂಗ್ಲಿಷರು ಶ್ರೀರಂಗಪಟ್ಟಣಕ್ಕೆ ಹಾಕಿದ ಲಗ್ಗೆಯನ್ನು ರಾಬರ್ಟ್ ಕೆರ್ ಪೋರ್ಟರ್ ಭಾರೀ ಗಾತ್ರದಲ್ಲಿ ಬರೆದು 1800ರಲ್ಲಿ ಪ್ರದರ್ಶಿಸಿದ್ದು ಲಂಡನ್ನಿನಲ್ಲಿ. ಟಿಪ್ಪುವಿನ ಕೊನೆಯ ಗಳಿಗೆಯನ್ನು ಬರೆದ ಹೆನ್ರಿ ಸಿಂಗಲ್ಟನ್ ಕೂಡ ಅಲ್ಲಿಯವನೇ. ಡೇವಿಡ್ ವಿಲ್ಕಿಯ ದೊಡ್ಡ ಚಿತ್ರ ಮುಗಿದದ್ದು 1839ರಲ್ಲಿ, ಟಿಪ್ಪು ಸತ್ತು ನಲವತ್ತು ವರ್ಷದ ಮೇಲೆ. ಈ ಮೂವರಲ್ಲಿ ಯಾರೂ ಟಿಪ್ಪುವಿನ ಸಿಪಾಯಿಯನ್ನು ಎದುರಿಗೆ ನಿಲ್ಲಿಸಿಕೊಂಡು ಬರೆದವರಲ್ಲ.

ಜರಡಿಯಲ್ಲಿ ಉಳಿದವನು ರಾಬರ್ಟ್ ಹೋಮ್. 1791ರಲ್ಲಿ ಮದರಾಸಿಗೆ ಬಂದು, ಟಿಪ್ಪುವಿನ ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸ್‌ನ ಸೈನ್ಯದ ಜೊತೆಗೇ ನಮ್ಮ ಸೀಮೆಯಲ್ಲಿ ಓಡಾಡಿದವನು. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಿದ ಸನ್ನಿವೇಶವನ್ನು ಬರೆದ. ಆ ಚಿತ್ರ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಂನಲ್ಲಿದೆ, ಆನ್‌ಲೈನಿನಲ್ಲೂ ನೋಡಬಹುದು. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಅವನ ಇನ್ನೊಂದು ಪುಟ್ಟ ಚಿತ್ರ: ರಾಕೆಟ್ಟನ್ನೇ ಬಾವುಟದ ಕೋಲು ಮಾಡಿಕೊಂಡು ನಿಂತ ಟಿಪ್ಪುವಿನ ಸೈನಿಕ. ಅದನ್ನು ಪರದೆಯ ತುಂಬ ಹಿಗ್ಗಿಸಿಕೊಂಡು ಒಂದಿಡೀ ಸಂಜೆ ಕೂತಿದ್ದೆ. ಇನ್ನೂರು ವರ್ಷದ ಹಿಂದೆ ಒಬ್ಬ ಮನುಷ್ಯ ಇನ್ನೊಬ್ಬನನ್ನು ನೋಡುತ್ತಾ ಎಳೆದ ಗೆರೆಗಳು ಅವು. ಅದರ ಬೆಲೆಯೇ ಬೇರೆ.

ಆಮೇಲೆ ಪುಸ್ತಕಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ ಮೇಜರ್ ಡಿರೋಮ್ 1793ರಲ್ಲಿ ಪ್ರಕಟಿಸಿದ ಯುದ್ಧದ ವರದಿ, 1799ರ ಯುದ್ಧದ ಬಗ್ಗೆ ಬೀಟ್ಸನ್ 1800ರಲ್ಲಿ ಬರೆದದ್ದು, ಎಲ್ಲ ಬಿಟ್ಟಿಯಾಗಿ ಓದಲು ಸಿಗುತ್ತವೆ. ಹುಡುಕುವುದಕ್ಕೆ ಮಾತ್ರ ಒಂದು ಕೀಲಿ ಗೊತ್ತಿರಬೇಕು. ಆ ಕಾಲದ ಇಂಗ್ಲಿಷ್ ಮುದ್ರಣದಲ್ಲಿ ಪದದ ಮೊದಲಲ್ಲಿ, ನಡುವಲ್ಲಿ ಬರುವ ಸಣ್ಣ ಎಸ್ ಅಕ್ಷರವನ್ನು ಉದ್ದಕ್ಕೆ ಎಳೆದು ಅಚ್ಚು ಹಾಕುತ್ತಿದ್ದರು. ಸ್ಕ್ಯಾನ್ ಮಾಡಿದ ಕಂಪ್ಯೂಟರ್ ಅದನ್ನು ಎಫ್ ಎಂದು ಓದಿಕೊಂಡಿರುತ್ತದೆ. 'ಮೈಸೋರ್' ಹುಡುಕಿದರೆ ಎಷ್ಟೋ ಸಲ ಏನೂ ಬರುವುದಿಲ್ಲ, 'ಮೈಫೋರ್' ಹಾಕಿ, ಪುಟಗಟ್ಟಲೆ ಬರುತ್ತದೆ. 'ಸಿಪಾಯ್' ಅಲ್ಲ, 'ಫಿಪಾಯ್'. ಟೈಗರ್‌ಗೆ ಐ ಬದಲು ವೈ. ಟಿಪ್ಪೂಗೆ ಕೊನೆಯಲ್ಲಿ ಎರಡು ಓ. ಶ್ರೀರಂಗಪಟ್ಟಣ ಎಂದರೆ ಸೆರಿಂಗಪಟಂ. ಇದು ಗೊತ್ತಾಗುವ ತನಕ ವಾರಗಟ್ಟಲೆ ಬರಿಗೈಯಲ್ಲಿ ಎದ್ದಿದ್ದೇನೆ.

ಹೀಗೆ ಹುಡುಕುತ್ತಲೇ ಆ ಕಾಲದ ಇಂಗ್ಲಿಷ್ ವರ್ಣನೆಯೊಂದು ಸಿಕ್ಕಿತು: ಟಿಪ್ಪುವಿನ ಕಾಲಾಳಿನ ಅಂಗಿ ನೇರಳೆ ಬಣ್ಣದ್ದು, ಅದರ ಮೇಲೆ ವಜ್ರಾಕಾರದ ಬಿಳಿ ಚುಕ್ಕೆ, ಅದಕ್ಕೆ ಹುಲಿ ಅಂಗಿ ಎಂದು ಹೆಸರು, ತಲೆಗೆ ಕೆಂಪು ಮಸ್ಲಿನ್ ಪೇಟ, ಕಾಲಿಗೆ ಚಪ್ಪಲಿಯಂಥದ್ದು. ನೇರಳೆ! ಪೆಟ್ಟಿಗೆಯಲ್ಲಿದ್ದ ಹಳದಿ ಅಂಗಿಗಳು ನೆನಪಾಗಿ ಹೊಟ್ಟೆ ಚುರುಕ್ ಎಂದಿತು.

ವಜ್ರಾಕಾರ ಅಂದರೆ ಹೇಗೆ? ಅದಕ್ಕೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಜಾಲತಾಣಕ್ಕೆ ಹೋದೆ. ಸೈನಿಕನ ಮೇಲೆ ಎಗರಿ ಕೂತ ಟಿಪ್ಪುವಿನ ಮರದ ಹುಲಿ ಇರುವುದು ಅಲ್ಲೇ. ಟಿಪ್ಪು ತನ್ನ ಆಯುಧ, ಬಟ್ಟೆಗಳ ಮೇಲೆಲ್ಲ ಹಾಕಿಸುತ್ತಿದ್ದ ಬಬ್ರಿ ಗುರುತನ್ನು ಇಂಥ ಸಂಗ್ರಹಗಳಲ್ಲಿ ಹತ್ತಿರದಿಂದ ನೋಡಬಹುದು. ಬಬ್ರಿ ಎಂದರೆ ಹುಲಿಪಟ್ಟೆ. ಆದರೆ ಉದ್ದ ಗೆರೆಯಲ್ಲ, ನಡು ದಪ್ಪ, ಎರಡು ತುದಿ ಚೂಪು, ಅಂಚು ಅಲೆಯಲೆ. ಹತ್ತು ಮಾರು ದೂರದಿಂದ ನೋಡಿದರೆ ವಜ್ರದ ಹಾಗೇ ಕಾಣುತ್ತದೆ. ಆ ಇಂಗ್ಲಿಷಿನವನು ಕಂಡದ್ದು ಬಬ್ರಿಯನ್ನೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮ್ಯೂಸಿಯಂ ಪುಟಗಳಲ್ಲಿ ಚಿತ್ರದಷ್ಟೇ ಕೆಳಗಿನ ಸಣ್ಣ ಅಕ್ಷರವನ್ನೂ ಓದಿ. ವಸ್ತು ಯಾರ ಕೈಯಿಂದ ಯಾರ ಕೈಗೆ ಬಂತು ಎನ್ನುವ ಸಾಲು ಅಲ್ಲಿರುತ್ತದೆ. 1799ರ ಲೂಟಿಯಿಂದ ಇವತ್ತಿನ ತನಕ ಕೊಂಡಿ ಸಿಕ್ಕರೆ ಅದು ಬೇರೆ ತೂಕ.

ಉಡುಪು ಎಂದ ತಕ್ಷಣ ಎಲ್ಲರೂ ತೋರಿಸುವುದು ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯ ವಿಂಕ್‌ಹೌಜನ್ ಸಂಗ್ರಹ. ವಿಂಕ್‌ಹೌಜನ್ ಹಾಲೆಂಡಿನ ವೈದ್ಯ, ಲೋಕದ ಸೈನಿಕ ಉಡುಪಿನ ಮೂವತ್ತು ಸಾವಿರಕ್ಕೂ ಹೆಚ್ಚು ಚಿತ್ರ ಕೂಡಿಹಾಕಿದವನು. ನೋಡುತ್ತಾ ಕೂತರೆ ಬೆಳಗಾಗುತ್ತದೆ. ಆದರೆ ಅವನು ಪುಸ್ತಕಗಳಿಂದ ಚಿತ್ರ ಕತ್ತರಿಸಿ ಅಂಟಿಸಿದವನು, ಕೆಲವಕ್ಕೆ ತಾನೇ ಬಣ್ಣ ತುಂಬಿದವನು. ಹಾಗಾಗಿ ಅಲ್ಲಿ ಸಿಕ್ಕ ಬಣ್ಣವನ್ನು ನಾನು ನೇರವಾಗಿ ಬಟ್ಟೆಗೆ ಇಳಿಸುವುದಿಲ್ಲ. ಮೂಲ ಪುಸ್ತಕ ಯಾವುದು ಎಂದು ಹುಡುಕುತ್ತೇನೆ. ಬ್ರೌನ್ ವಿಶ್ವವಿದ್ಯಾಲಯದ ಆ್ಯನ್ ಬ್ರೌನ್ ಸಂಗ್ರಹವೂ ಇಂಥದ್ದೇ ದೊಡ್ಡ ಕಣಜ.

ಫೋಟೋ ಇದ್ದರೆ ಬಣ್ಣದ ಗೊಂದಲವೇ ಇಲ್ಲ ಅಂದುಕೊಳ್ಳಬೇಡಿ. ಗೆಳತಿಯೊಬ್ಬಳ ಮುತ್ತಜ್ಜ ಮೈಸೂರು ಲ್ಯಾನ್ಸರ್ಸ್‌ನಲ್ಲಿದ್ದವರು, 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಊರನ್ನು ಜೋಧಪುರದವರ ಜೊತೆ ಹಿಡಿದ ಕುದುರೆ ದಳ ಅದು. ಅವರ ಹಳೆಯ ಫೋಟೋದಲ್ಲಿ ಪೇಟದ ಪಟ್ಟಿ ಕಪ್ಪಗೆ ಕಾಣುತ್ತಿತ್ತು. ಕಪ್ಪೇ ಇರಬೇಕೆಂದಿಲ್ಲ ಎಂದೆ. ಆ ಕಾಲದ ಹೆಚ್ಚಿನ ಫೋಟೋ ಪ್ಲೇಟುಗಳಿಗೆ ಕೆಂಪು ಕಾಣುತ್ತಿರಲಿಲ್ಲ, ಕೆಂಪು ಬಟ್ಟೆ ಕಪ್ಪಾಗಿಯೇ ಮೂಡುತ್ತಿತ್ತು, ನೀಲಿ ಬಿಳಿಚಿಕೊಳ್ಳುತ್ತಿತ್ತು.

ಎಲ್ಲ ಮುಗಿದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದೆ. ಟಿಪ್ಪುವಿನ ಬೇಸಿಗೆ ಅರಮನೆ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನ ಇಡೀ ಹರಡಿಕೊಂಡಿದೆ: ಪಲ್ಲಕ್ಕಿಯಲ್ಲಿ ಸೋತ ಇಂಗ್ಲಿಷ್ ದಳದ ಕರ್ನಲ್ ಬೇಲಿ, ಸಿಡಿಯುವ ಮದ್ದಿನ ಬಂಡಿ, ಸಾಲು ಸಾಲು ಸಿಪಾಯಿಗಳು. ಟಿಪ್ಪುವಿನ ಕಾಲದಲ್ಲೇ ಬರೆಸಿದ್ದು, ಆದರೆ ಆಮೇಲೆ ಇಂಗ್ಲಿಷ್ ಅಧಿಕಾರಿಗಳಾದ ವೆಲ್ಲೆಸ್ಲಿ, ಡಾಲ್‌ಹೌಸಿ ಇವರ ಕಾಲದಲ್ಲಿ ಮತ್ತೆ ಮತ್ತೆ ಬಣ್ಣ ಕಂಡ ಗೋಡೆ. ಅಲ್ಲಿಂದ ನಾನು ತಂದದ್ದು ಬಣ್ಣವಲ್ಲ, ನಿಲುವು: ಸಿಪಾಯಿಗಳು ಹೇಗೆ ಸಾಲುಗಟ್ಟಿದ್ದಾರೆ, ಬಂದೂಕು ಹೇಗೆ ಹಿಡಿದಿದ್ದಾರೆ ಎಂಬುದು.

ಬಬ್ರಿಗೆ ತೇಗದ ಅಚ್ಚು ಕೆತ್ತಿಸಿದೆ, ನನ್ನ ಹೆಬ್ಬೆರಳಿನಷ್ಟು ಉದ್ದ. ನೇರಳೆ ಖಾದಿಯ ಮೇಲೆ ಬಿಳಿ ಬಣ್ಣದಲ್ಲಿ ಒತ್ತಿದೆವು, ಒಂದು ಅಂಗಿಗೆ ಇನ್ನೂರಕ್ಕೂ ಹೆಚ್ಚು ಒತ್ತು. ರಂಗದ ಹಳದಿ ದೀಪದಡಿ ನೇರಳೆ ಮಣ್ಣು ಬಣ್ಣಕ್ಕೆ ತಿರುಗಿತು. ಎರಡನೇ ಸಲ ಅದ್ದುವಾಗ ಒಂದಿಷ್ಟು ಕೆಂಪು ಬೆರೆಸಿದೆ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದಿದ್ದೇನೆ: ಕಂಡವರು ಬರೆದದ್ದು, ಉಳಿದ ವಸ್ತು ತೋರಿಸಿದ್ದು, ನಾನು ಊಹಿಸಿದ್ದು. ಆ ಕೆಂಪು ಮೂರನೇ ಕಾಲಂನಲ್ಲಿದೆ.