ಹಳೇ ಪಿಕಪ್‌ಗೆ ಸ್ಟೀಲ್ ಬಂಪರ್ ಮಾಡೋದು: ಮೊದಲು ಬ್ರಾಕೆಟ್, ಆಮೇಲೆ ಅಂದ

ಹಳೇ ಪಿಕಪ್‌ನಲ್ಲಿ ಗಾಡಿಗಿಂತ ಮೊದಲು ಕೈಕೊಡುವುದು ಹಿಂದಿನ ಬಂಪರ್. ಹೊರಗಿನಿಂದ ನೋಡಿದರೆ ಇನ್ನೂ ಮಿಂಚುತ್ತಿರುತ್ತದೆ, ಕೆಳಗೆ ತಲೆ ತೂರಿಸಿ ನೋಡಿದರೆ ಚಕ್ರ ಎರಚಿದ ಕೆಸರು ಒಳಗೆ ಕೂತು, ಅದರಲ್ಲಿ ನೀರು ನಿಂತು, ಅರ್ಧ ಲೋಹ ತುಕ್ಕಾಗಿ ಉದುರಿ ಹೋಗಿರುತ್ತದೆ. ಹೊಸದು ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಅದೇ ತೆಳು ಶೀಟು. ಒಂದು ವೆಲ್ಡಿಂಗ್ ಮೆಷಿನ್, ಒಂದು ಗ್ರೈಂಡರ್, ಎರಡು ವಾರದ ರಜಾದಿನಗಳು ಇದ್ದರೆ ಇದನ್ನು ನೀವೇ ಮಾಡಿಕೊಳ್ಳಬಹುದು.

ನಾನು ಎರಡು ಬಂಪರ್ ಮಾಡಿದ್ದೇನೆ. ಮೊದಲನೆಯದು ನೋಡೋಕೆ ಚೆನ್ನಾಗಿತ್ತು, ಅಷ್ಟೇ. ಹೊರಗಿನ ಡಬ್ಬಿಯನ್ನು ಪ್ರೀತಿಯಿಂದ ಕಟ್ಟಿ, ಕೊನೆಗೆ ಅದನ್ನು ಚಾಸಿಗೆ (ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ) ಹೇಗೆ ಕಟ್ಟುವುದು ಅಂತ ತಲೆ ಕೆರೆದುಕೊಂಡು ನಿಂತಿದ್ದೆ. ಎರಡನೆಯದಕ್ಕೆ ಉಲ್ಟಾ ಹೋದೆ. ಮೊದಲು ಚಾಸಿಗೆ ಕಚ್ಚಿಕೊಳ್ಳುವ ಬ್ರಾಕೆಟ್, ಅದರ ಮೇಲೆ ಬಂಪರ್. ಇಲ್ಲಿ ಹೇಳುವುದೆಲ್ಲ ಆ ಎರಡನೇ ದಾರಿ.

ಹಳೆಯದನ್ನು ಬಿಚ್ಚುವುದೇ ಮೊದಲ ಜಗಳ. ಹಿಂದಿನ ದಿನವೇ ಬೋಲ್ಟುಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಹೊಡೆದು ಬಿಡಿ, ಬೆಳಿಗ್ಗೆ ಇನ್ನೊಂದು ಸಲ ಹೊಡೆಯಿರಿ. ಆಗಲೂ ಬರದಿದ್ದರೆ ಜಗ್ಗಾಡಬೇಡಿ, ನಟ್ಟನ್ನು ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆಯಿರಿ, ಹೇಗಿದ್ದರೂ ಆ ಬೋಲ್ಟನ್ನು ಮತ್ತೆ ಹಾಕುವುದಿಲ್ಲವಲ್ಲ. ಆದರೆ ಪೆಟ್ರೋಲ್ ಅಥವಾ ಡೀಸೆಲ್ ಟ್ಯಾಂಕ್ ಎಲ್ಲಿದೆ ಅಂತ ಮೊದಲು ನೋಡಿಕೊಳ್ಳಿ. ಕೆಲವು ಗಾಡಿಗಳಲ್ಲಿ ಅದು ಹಿಂಬದಿಯಲ್ಲೇ ಇರುತ್ತದೆ. ಕಿಡಿ ಹಾರುವ ದಿಕ್ಕಿನಲ್ಲಿ ಟ್ಯಾಂಕ್, ಪೈಪ್, ವೈರಿಂಗ್, ಸ್ಟೆಪ್ನಿ ಯಾವುದೂ ಇರಬಾರದು. ಸ್ಟೆಪ್ನಿಯನ್ನು ಇಳಿಸಿಯೇ ಬಿಡಿ, ಜಾಗವೂ ಆಗುತ್ತದೆ.

ಬಂಪರ್ ಕೆಳಗೆ ಬಂದ ಮೇಲೆ ಒಂದು ಸಣ್ಣ ಸುತ್ತಿಗೆ ತಗೊಂಡು ಚಾಸಿಯ ಕೊನೆಯ ಎರಡಡಿಯನ್ನು ಬಡಿಯುತ್ತಾ ಬನ್ನಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ತುಕ್ಕು ತಿಂದ ಕಡೆ ಬದ್ ಅಂತ ಸತ್ತ ಸದ್ದು ಬರುತ್ತದೆ, ಪದರ ಪದರವಾಗಿ ಉದುರುತ್ತದೆ. ಅನುಮಾನ ಬಂದ ಕಡೆ ಹಳೇ ಸ್ಕ್ರೂಡ್ರೈವರ್‌ನಿಂದ ಜೋರಾಗಿ ಚುಚ್ಚಿ ನೋಡಿ. ಒಳಗೆ ಹೋಯಿತಾ? ಹಾಗಾದರೆ ಬಂಪರ್ ಕೆಲಸ ಅಲ್ಲಿಗೇ ನಿಲ್ಲಿಸಿ, ಮೊದಲು ಚಾಸಿ ರಿಪೇರಿ. ಕೊಳೆತ ಚಾಸಿಗೆ 40 ಕಿಲೋ ಕಬ್ಬಿಣ ನೇತುಹಾಕುವುದಕ್ಕಿಂತ ಬಂಪರ್ ಇಲ್ಲದೆ ನಿಲ್ಲಿಸಿರುವುದು ವಾಸಿ.

40 ಕಿಲೋ ಅಂತ ಸುಮ್ನೆ ಹೇಳಲಿಲ್ಲ. ಸ್ಟೀಲ್ ಪ್ಲೇಟಿನ ತೂಕ ಲೆಕ್ಕ ಹಾಕುವುದು ಸುಲಭ: 1 ಮಿ.ಮೀ. ದಪ್ಪದ 1 ಚದರ ಮೀಟರ್ ಪ್ಲೇಟು 7.85 ಕಿಲೋ. ಮುಖ 250, ಮೇಲಿನ ಹಲಗೆ 150, ಕೆಳಗಿನದು 100 ಮಿ.ಮೀ. ಅಂತ ಇಟ್ಟುಕೊಂಡು, ಉದ್ದ 1.7 ಮೀಟರ್ ಆದರೆ ಒಟ್ಟು 0.85 ಚದರ ಮೀಟರ್. 5 ಮಿ.ಮೀ. ಪ್ಲೇಟಿನಲ್ಲಿ ಇದು ಸುಮಾರು 33 ಕಿಲೋ, 6ರಲ್ಲಿ 40. ಇದರ ಮೇಲೆ ಬ್ರಾಕೆಟ್ ತೂಕ ಬೇರೆ. ದಪ್ಪ ಜಾಸ್ತಿ ಆದಷ್ಟೂ ಒಳ್ಳೆಯದು ಅಂತ 8, 10 ಹಾಕುವವರಿದ್ದಾರೆ, ಆ ತೂಕವೆಲ್ಲ ಹಿಂದಿನ ಆಕ್ಸಲ್‌ಗಿಂತ ಆಚೆ ನೇತಾಡುತ್ತದೆ, ಹಳೇ ಸ್ಪ್ರಿಂಗ್ ಪಟ್ಟಿಗಳು ಕುಸಿದು ಕೂರುತ್ತವೆ, ಮುಂಭಾಗ ಹಗುರಾಗುತ್ತದೆ. ನನ್ನ ಪ್ರಕಾರ ಹೊರಮೈಗೆ 4 ಅಥವಾ 5 ಸಾಕು. ಬ್ರಾಕೆಟ್‌ಗೆ ಮಾತ್ರ 8ರಿಂದ 10 ಮಿ.ಮೀ., ಅಲ್ಲಿ ಜಿಪುಣತನ ಬೇಡ. ಎಲ್ಲದಕ್ಕೂ ಮಾಮೂಲಿ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟು. ಗ್ಯಾಲ್ವನೈಸ್ ಆಗಿರುವುದನ್ನು, ಅಂದರೆ ಸತುವಿನ ಲೇಪ ಇರುವುದನ್ನು ತರಬೇಡಿ, ವೆಲ್ಡ್ ಮಾಡುವಾಗ ಅದರ ಸತುವಿನ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬಂದ ಹಾಗೆ ನಡುಗುತ್ತೀರಿ.

ಈಗ ಬ್ರಾಕೆಟ್. ಚಾಸಿಯಲ್ಲಿ ಕಂಪನಿಯವರೇ ಕೊರೆದ ತೂತುಗಳಿರುತ್ತವೆ, ಅವನ್ನೇ ಬಳಸಿ. ಹೊಸ ತೂತು ಬೇಕೇ ಬೇಕು ಅಂದರೆ ಚಾಸಿಯ ನಿಂತ ಗೋಡೆಯಲ್ಲಿ ಕೊರೆಯಿರಿ, ಮೇಲಿನ ಮತ್ತು ಕೆಳಗಿನ ಅಂಚಿನ ಪಟ್ಟಿಯಲ್ಲಿ ಬೇಡ. ಗಾಡಿ ಭಾರ ಹೊತ್ತಾಗ ಜಾಸ್ತಿ ಎಳೆತ ಬೀಳುವುದು ಆ ಪಟ್ಟಿಗಳ ಮೇಲೆ. ಬಂಪರನ್ನು ನೇರವಾಗಿ ಚಾಸಿಗೆ ವೆಲ್ಡ್ ಮಾಡುವ ಆಸೆಯೂ ಬೇಡ. ಬೋಲ್ಟ್ ಹಾಕಿದರೆ ನಾಳೆ ಏನಾದರೂ ಗುದ್ದಿದಾಗ ಬಿಚ್ಚಬಹುದು, ವೆಲ್ಡ್ ಮಾಡಿದರೆ ಚಾಸಿಯನ್ನೇ ಕತ್ತರಿಸಬೇಕು.

ಎಡ ಬಲ ಎರಡೂ ಕಡೆ ಬೇರೆ ಬೇರೆಯಾಗಿ ಅಳೆಯಿರಿ. ಎಡಗಡೆಯದನ್ನು ಅಳೆದು ಬಲಗಡೆಗೂ ಅದೇ ಅಂದುಕೊಂಡರೆ ಕೆಟ್ಟಿರಿ. ಮೂವತ್ತು ವರ್ಷ ಗುಂಡಿ ಹಾರಿದ ಗಾಡಿಯ ಚಾಸಿ ಎರಡೂ ಕಡೆ ಒಂದೇ ಸಮ ಇರುವುದಿಲ್ಲ. ನನ್ನದರಲ್ಲಿ ಒಂದು ಕಡೆ 7 ಮಿ.ಮೀ. ಇಳಿದಿತ್ತು. ಅದಕ್ಕೇ ಬ್ರಾಕೆಟ್‌ನ ಒಂದು ತೂತನ್ನು ದುಂಡಗೆ ಬಿಟ್ಟು, ಉಳಿದವನ್ನು ಮೇಲೆ ಕೆಳಗೆ 10 ಮಿ.ಮೀ. ಆಡುವಂತೆ ಉದ್ದ ಮಾಡಿಕೊಳ್ಳಿ. ಬಂಪರನ್ನು ನೆಲಕ್ಕೆ ಸಮ ಮಾಡುವುದಕ್ಕಿಂತ ಮೇಲಿನ, ಸಾಮಾನು ತುಂಬುವ ತೊಟ್ಟಿಯ ಗೆರೆಗೆ ಸಮ ಮಾಡುವುದು ಮುಖ್ಯ. ರಸಮಟ್ಟ ಸರಿ ಅಂದರೂ ತೊಟ್ಟಿಯ ಪಕ್ಕದಲ್ಲಿ ಸೊಟ್ಟಗೆ ಕಂಡರೆ ನೋಡುವವರಿಗೆ ಸೊಟ್ಟವೇ.

ಬೋಲ್ಟ್ ತಲೆಯ ಮೇಲೆ ಅದರ ಗಟ್ಟಿತನದ ನಂಬರ್ 8.8 ಅಥವಾ 10.9 ಅಂತ ಅಚ್ಚಾಗಿರಬೇಕು. ಏನೂ ಬರೆಯದ ಬೋಲ್ಟು ಗೇಟಿಗೆ ಸರಿ, ಇಲ್ಲಿಗೆ ಬೇಡ. ನಾನು ಒಂದೊಂದು ಕಡೆ 12 ಮಿ.ಮೀ.ನ ನಾಲ್ಕು ಹಾಕಿದೆ, ಅಗಲದ ವಾಷರ್ ಸಮೇತ. ಚಾಸಿ ಡಬ್ಬಿಯಂತೆ ಮುಚ್ಚಿದ್ದರೆ ಒಳಗೆ ನಟ್ ಹಿಡಿಯುವುದೇ ದೊಡ್ಡ ತಲೆನೋವು, ಬೆರಳು ಹೋಗುವುದಿಲ್ಲ. ಅದಕ್ಕೊಂದು ಉಪಾಯ: ಒಂದಡಿ ಉದ್ದದ ಪಟ್ಟಿ ತಗೊಂಡು, ಬೋಲ್ಟುಗಳ ಅಂತರಕ್ಕೆ ಸರಿಯಾಗಿ ಅದರಲ್ಲಿ ತೂತು ಕೊರೆದು, ತೂತಿನ ಹಿಂದೆ ನಟ್ಟುಗಳನ್ನು ವೆಲ್ಡ್ ಮಾಡಿ, ಚಾಸಿಯ ತೆರೆದ ಬಾಯಿಯಿಂದ ಆ ಪಟ್ಟಿಯನ್ನೇ ಒಳಗೆ ತೂರಿಸಿ. ಪಟ್ಟಿಯ ಬಾಲ ಕೈಯಲ್ಲಿ ಹಿಡಿದು ಆಚೀಚೆ ಆಡಿಸಿದರೆ ಬೋಲ್ಟು ಸಿಕ್ಕಿಬಿಡುತ್ತದೆ. ವೆಲ್ಡ್ ಮಾಡುವಾಗ ನಟ್ಟಿನೊಳಗೆ ಒಂದು ಹಳೇ ಬೋಲ್ಟ್ ತಿರುಗಿಸಿಟ್ಟಿರಿ, ಇಲ್ಲದಿದ್ದರೆ ಥ್ರೆಡ್ ಒಳಗೆ ಕಿಡಿ ಕೂತು ಹಾಳಾಗುತ್ತದೆ.

ಬ್ರಾಕೆಟ್ ಎರಡೂ ಗಾಡಿಯ ಮೇಲೆ ಗಟ್ಟಿಯಾಗಿ ಕೂತ ಮೇಲೆ ಹೊರಮೈಗೆ ಬನ್ನಿ, ಆಗ ಬೇಕಾಗಿರುವುದು ಸ್ಟೀಲ್ ಅಲ್ಲ, ರಟ್ಟು. ದೊಡ್ಡ ರಟ್ಟಿನ ಡಬ್ಬಿಗಳನ್ನು ಬಿಚ್ಚಿ, ಟೇಪ್ ಅಂಟಿಸಿ, ಪೂರ್ತಿ ಬಂಪರನ್ನು ರಟ್ಟಿನಲ್ಲೇ ಕಟ್ಟಿ ಗಾಡಿಗೆ ಹಚ್ಚಿ. ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಮೂಲೆ ದಪ್ಪ ಅನ್ನಿಸಿದರೆ ಕತ್ತರಿಯಲ್ಲಿ ಕತ್ತರಿಸಿದರೆ ಆಯಿತು. ಸ್ಟೀಲಿನಲ್ಲಿ ಇದೇ ತಿದ್ದುಪಡಿಗೆ ಅರ್ಧ ದಿನ ಹೋಗುತ್ತದೆ.

ರಟ್ಟು ಹಚ್ಚಿದ್ದಾಗಲೇ ಹಿಂಬಾಗಿಲನ್ನು ಪೂರ್ತಿ ಕೆಳಗೆ ಇಳಿಸಿ ನೋಡಿ. ಪೂರ್ತಿ ಅಂದರೆ ಚೈನ್ ಅಥವಾ ಕೇಬಲ್ ಕಳಚಿ, ಅದು ಎಲ್ಲಿಯವರೆಗೆ ಹೋಗುತ್ತದೋ ಅಲ್ಲಿಯವರೆಗೆ. ಇದು ನನ್ನ ಮೊದಲ ಬಂಪರಿನ ಪಾಠ: ಪೇಂಟ್ ಎಲ್ಲ ಮುಗಿದ ಮೇಲೆ ಬಾಗಿಲು ತೆಗೆದೆ, ಅದರ ತುಟಿ ಬಂಪರಿನ ಮೇಲ್ಭಾಗಕ್ಕೆ ಕಟ್ ಅಂತ ತಗುಲಿ ಎರಡೂ ಕಡೆ ಬಣ್ಣ ಹೋಯಿತು. ಹಾಗೆಯೇ ತೊಟ್ಟಿಗೂ ಬಂಪರಿಗೂ ನಡುವೆ 15ರಿಂದ 20 ಮಿ.ಮೀ. ಜಾಗ ಬಿಡಿ. ಅಂಟಿಸಿದ ಹಾಗೆ ಕೂತರೆ ಚೆನ್ನಾಗಿ ಕಾಣುತ್ತದೆ ನಿಜ, ಆದರೆ ಪಿಕಪ್‌ನ ಚಾಸಿ ಹಳ್ಳದಲ್ಲಿ ತಿರುಚಿಕೊಳ್ಳುತ್ತದೆ, ತೊಟ್ಟಿ ಅದರ ಜೊತೆ ಅಷ್ಟೇ ತಿರುಚುವುದಿಲ್ಲ. ಬಂಪರ್ ಇರುವುದು ಚಾಸಿ ಮೇಲೆ, ಹಾಗಾಗಿ ಎರಡೂ ಒಂದಕ್ಕೊಂದು ಉಜ್ಜಿ ತೊಟ್ಟಿಯ ಮೂಲೆ ಮಡಚಿಕೊಳ್ಳುತ್ತದೆ. ನಂಬರ್ ಪ್ಲೇಟ್, ಅದರ ದೀಪ, ರಿಫ್ಲೆಕ್ಟರ್, ರಿವರ್ಸ್ ಲೈಟು ಎಲ್ಲಿ ಕೂರುತ್ತವೆ ಅನ್ನುವುದನ್ನೂ ಈಗಲೇ ತೀರ್ಮಾನಿಸಿ. ಬಂಪರ್ ಬದಲಾಯಿಸುವ ಬಗ್ಗೆ ನೀವಿರುವ ಕಡೆಯ ನಿಯಮ ಏನು ಅಂತಲೂ ಪ್ಲೇಟು ಕತ್ತರಿಸುವ ಮೊದಲೇ ಕೇಳಿಕೊಳ್ಳಿ.

ರಟ್ಟಿನ ಆಕಾರವನ್ನು ಪ್ಲೇಟಿನ ಮೇಲಿಟ್ಟು ಬಳಪದಲ್ಲಿ ಗೆರೆ ಎಳೆಯಿರಿ. ಪೆನ್ನಿನ ಗೆರೆ ಕಿಡಿಗೆ ಅಳಿಸಿಹೋಗುತ್ತದೆ, ಬಳಪ ನಿಲ್ಲುತ್ತದೆ. ಕತ್ತರಿಸಲು ಗ್ರೈಂಡರ್ ಸಾಕು, ತೆಳು ಕಟಿಂಗ್ ವ್ಹೀಲ್ ಹಾಕಿ, ಗಾರ್ಡ್ ತೆಗೆಯದೆ, ಕನ್ನಡಕ ಹಾಕಿಕೊಂಡು. ಮಡಚಬೇಕಾದ ಕಡೆ ಬೆಂಡಿಂಗ್ ಮೆಷಿನ್ ಇಲ್ಲದಿದ್ದರೂ ನಡೆಯುತ್ತದೆ. 5 ಮಿ.ಮೀ. ಪ್ಲೇಟಿನ ಒಳಮೈಯಲ್ಲಿ ಮಡಿಕೆಯ ಗೆರೆಯುದ್ದಕ್ಕೂ ಸುಮಾರು 3 ಮಿ.ಮೀ. ಆಳಕ್ಕೆ ಗೀರಿ, ಒಂದು ಕಡೆ ಕ್ಲಾಂಪ್ ಹಾಕಿ ಇನ್ನೊಂದು ಕಡೆ ಎತ್ತಿದರೆ ಗೀರು ಮುಚ್ಚಿಕೊಳ್ಳುತ್ತಾ ಮಡಚುತ್ತದೆ. ಬೇಕಾದ ಕೋನಕ್ಕೆ ಮೊದಲೇ ಮುಚ್ಚಿಕೊಂಡರೆ ಗೀರನ್ನು ಸ್ವಲ್ಪ ಅಗಲ ಮಾಡಿ. ಆಮೇಲೆ ಒಳಗಿನಿಂದ ಆ ಗೆರೆಯನ್ನು ವೆಲ್ಡ್ ಮಾಡಿ ತುಂಬಿ. ಹೊರಗಿನಿಂದ ನೋಡಿದವರಿಗೆ ಮೆಷಿನ್‌ನಲ್ಲಿ ಮಡಚಿದ ಹಾಗೇ ಕಾಣುತ್ತದೆ.

ತುಂಡುಗಳೆಲ್ಲ ಆದ ಮೇಲೆ ಜಾಕ್ ಮತ್ತು ಮರದ ದಿಮ್ಮಿಗಳ ಮೇಲೆ ಹೊರಮೈಯನ್ನು ಗಾಡಿಯ ಹಿಂದೆ ಎತ್ತಿ ನಿಲ್ಲಿಸಿ, ಬ್ರಾಕೆಟ್‌ಗೆ ಟ್ಯಾಕ್ (ಅಲ್ಲಲ್ಲಿ ಚುಕ್ಕೆಯಷ್ಟು ವೆಲ್ಡ್) ಮಾತ್ರ ಹೊಡೆಯಿರಿ. ಗಾಡಿಯ ಮೇಲೆ ವೆಲ್ಡ್ ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ, ವೆಲ್ಡಿಂಗ್ ಮೆಷಿನ್‌ನ ಅರ್ಥ್ ಕ್ಲಾಂಪನ್ನು ಆ ಬ್ರಾಕೆಟ್‌ಗೇ ಹಾಕಿ, ಬೆಂಕಿ ಆರಿಸುವ ಸಿಲಿಂಡರ್ ಹಿಡಿದ ಒಬ್ಬರು ಪಕ್ಕದಲ್ಲಿರಲಿ. ಬ್ರೇಕ್ ಕ್ಲೀನರ್ ಸ್ಪ್ರೇಯಿಂದ ಒರೆಸಿದ ಜಾಗಕ್ಕೆ ವೆಲ್ಡ್ ಮಾಡಬೇಡಿ. ಅದರಲ್ಲಿ ಕ್ಲೋರಿನ್ ಇರುವ ಬಗೆಯಿದ್ದರೆ ಬಿಸಿಗೆ ವಿಷದ ಗಾಳಿಯಾಗುತ್ತದೆ, ಇದು ತಮಾಷೆಯ ಮಾತಲ್ಲ. ಟ್ಯಾಕ್ ಆದ ಮೇಲೆ ಬಾಗಿಲು ಮತ್ತೊಮ್ಮೆ ತೆಗೆದು ಹಾಕಿ, ಗ್ಯಾಪ್ ನೋಡಿ, ಸರಿ ಅನ್ನಿಸಿದರೆ ಬೋಲ್ಟ್ ಬಿಚ್ಚಿ ಇಡೀ ಬಂಪರನ್ನು ಕೆಳಗಿಳಿಸಿ. ಪೂರ್ತಿ ವೆಲ್ಡಿಂಗ್ ಗಾಡಿಯಿಂದ ದೂರ, ನೆಲದ ಮೇಲೆ.

ಪೂರ್ತಿ ವೆಲ್ಡಿಂಗ್‌ನಲ್ಲಿ ಅವಸರ ಮಾಡಿದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮೊದಲ ಸಲ ಮೇಲಿನ ಉದ್ದದ ಜೋಡಣೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿಗೆ ಎಳೆದೆ, ಬೀಡ್ (ವೆಲ್ಡಿನ ಸಾಲು) ಎಷ್ಟು ಚೆನ್ನಾಗಿ ಬಂದಿತ್ತು ಅಂದರೆ ಫೋಟೋ ಕೂಡ ತೆಗೆದೆ. ಬೆಳಿಗ್ಗೆ ಎದ್ದು ಅದರ ಮೇಲೆ ನೇರ ಪಟ್ಟಿ ಇಟ್ಟರೆ ನಡುವೆ ಕಿರುಬೆರಳು ತೂರುವಷ್ಟು ಸಂದು. ವೆಲ್ಡ್ ಆರುವಾಗ ಕುಗ್ಗುತ್ತದೆ, ಕುಗ್ಗುವಾಗ ಪ್ಲೇಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಬಂಪರ್ ಬಿಲ್ಲಾಗಿತ್ತು. ಹಾಗಾಗಿ ಒಂದು ಗಟ್ಟಿ ಚಾನಲ್‌ಗೆ ಕ್ಲಾಂಪ್ ಮಾಡಿಕೊಂಡು, ಎಡ ತುದಿಯಲ್ಲಿ 50 ಮಿ.ಮೀ., ಆಮೇಲೆ ಬಲ ತುದಿಯಲ್ಲಿ, ಆಮೇಲೆ ನಡುವೆ, ಹೀಗೆ ಹಾರಿ ಹಾರಿ ಹೋಗಿ. ಕೈ ಇಡಲಾಗದಷ್ಟು ಬಿಸಿಯಾದರೆ ಬಿಟ್ಟು ಬೇರೆ ಕೆಲಸ ನೋಡಿ. ನೀರು ಸುರಿಯಬೇಡಿ. ಪೂರ್ತಿ ಆರುವವರೆಗೆ ಕ್ಲಾಂಪ್ ಬಿಚ್ಚಬೇಡಿ.

ಹೊರಗೆ ಕಾಣುವ ವೆಲ್ಡನ್ನು ಉಜ್ಜಿ ಸಮ ಮಾಡುವ ಆಲೋಚನೆ ಇದ್ದರೆ, ವೆಲ್ಡ್ ಮಾಡುವ ಮೊದಲೇ ಎರಡೂ ಅಂಚುಗಳನ್ನು ಓರೆಯಾಗಿ ಉಜ್ಜಿ ವಿ ಆಕಾರದ ಕಾಲುವೆ ಮಾಡಿಕೊಳ್ಳಿ. ಇಲ್ಲದಿದ್ದರೆ ಲೋಹ ಮೇಲ್ಮೈಯಲ್ಲಷ್ಟೇ ಕೂತಿರುತ್ತದೆ, ನೀವು ಉಜ್ಜಿ ಉಜ್ಜಿ ಅದನ್ನೇ ತೆಗೆದು ಹಾಕುತ್ತೀರಿ. ರಾಡ್ ವೆಲ್ಡಿಂಗ್ ಆದರೆ ಬ್ರಾಕೆಟ್‌ಗೆ ಒಣಗಿದ 7018 ನಂಬರಿನ ರಾಡ್, ಹೊರಮೈಗೆ 6013 ನಡೆಯುತ್ತದೆ. ಬ್ರಾಕೆಟ್ ಮತ್ತು ಮುಖ ಸೇರುವ ಕಡೆ ತ್ರಿಕೋನದ ತುಂಡುಗಳನ್ನು ಮರೆಯದೆ ಕೊಡಿ.

ಗಾಡಿ ಸಿಕ್ಕಿಬಿದ್ದಾಗ ಎಳೆಯಲು ಶ್ಯಾಕಲ್ ಕೊಂಡಿ ಬೇಕು ಅನ್ನುವವರಿಗೆ ಒಂದೇ ಮಾತು: ಅದನ್ನು ಹೊರಮೈಗೆ ಅಂಟಿಸಬೇಡಿ. 25 ಮಿ.ಮೀ. ದಪ್ಪದ ತುಂಡು ಮುಖದ ಸೀಳಿನ ಮೂಲಕ ಒಳಗೆ ಹೋಗಿ ಬ್ರಾಕೆಟ್‌ಗೇ ವೆಲ್ಡ್ ಆಗಬೇಕು. ಸಣ್ಣ ಮೆಷಿನ್‌ಗೆ ಅಷ್ಟು ದಪ್ಪ ಕಾಯುವುದಿಲ್ಲ, ವೆಲ್ಡ್ ಮೇಲೆ ಚೆನ್ನಾಗಿ ಕಾಣುತ್ತದೆ, ಒಳಗೆ ಹಿಡಿದಿರುವುದಿಲ್ಲ. ಈ ಒಂದು ಕೆಲಸವನ್ನು ದೊಡ್ಡ ಮೆಷಿನ್ ಇರುವ, ಕೈ ಪಳಗಿದ ವೆಲ್ಡರ್‌ಗೆ ಕೊಡಿ. ನಾನೂ ಹಾಗೇ ಮಾಡಿದೆ. ಟ್ರೈಲರ್ ಎಳೆಯುವುದಿದ್ದರೆ ಚಾಸಿಗೇ ಕೂರುವ, ಎಷ್ಟು ತೂಕ ಎಳೆಯಬಹುದು ಅಂತ ಬರೆದಿರುವ ರೆಡಿ ಹಿಚ್ (ಟ್ರೈಲರ್ ಸಿಕ್ಕಿಸುವ ಕೊಂಡಿ) ತಂದು ಹಾಕಿ, ಬಂಪರಿಗೆ ಆ ಜವಾಬ್ದಾರಿ ಬೇಡ.

ಪೇಂಟಿಗೆ ಮೊದಲು ಕೆಳಗಿನ ಹಲಗೆಯ ತಗ್ಗು ಜಾಗದಲ್ಲಿ 10 ಮಿ.ಮೀ.ನ ಮೂರು ನಾಲ್ಕು ತೂತು ಕೊರೆಯಿರಿ, ನೀರು ಇಳಿಯಲು. ಹಳೇ ಬಂಪರ್ ಸತ್ತಿದ್ದು ಇದಿಲ್ಲದೆಯೇ ಅಲ್ವಾ. ಹೊಸ ಪ್ಲೇಟಿನ ಮೇಲಿರುವ ನೀಲಿಗಪ್ಪು ಪೊರೆಯನ್ನು ಫ್ಲ್ಯಾಪ್ ಡಿಸ್ಕಿನಿಂದ ಪೂರ್ತಿ ತೆಗೆದು, ಥಿನ್ನರ್‌ನಿಂದ ಒರೆಸಿ, ಅವತ್ತೇ ಪ್ರೈಮರ್ ಹೊಡೆಯಿರಿ. ಬರಿಮೈ ಸ್ಟೀಲನ್ನು ರಾತ್ರಿ ಬಿಟ್ಟರೆ ಬೆಳಿಗ್ಗೆ ಕೆಂಪು ಬಂದಿರುತ್ತದೆ. ಒಳಗಡೆಗೆ ಎರಡು ಕೋಟ್ ಜಾಸ್ತಿಯೇ ಇರಲಿ. ಪೌಡರ್ ಕೋಟಿಂಗ್ ಅಂದವೇನೋ ಹೌದು, ಆದರೆ ಒಂದು ಕಲ್ಲು ಬಡಿದು ಚೂರು ಎದ್ದರೆ ತುಕ್ಕು ಅದರಡಿಯಲ್ಲೇ ಹರಿಯುತ್ತಾ ಹೋಗುತ್ತದೆ, ನಿಮಗೆ ಕಾಣುವುದೂ ಇಲ್ಲ. ನನಗೆ ಬ್ರಷ್‌ನಲ್ಲಿ ಮತ್ತೆ ಬಳಿಯಬಹುದಾದ ಮಾಮೂಲಿ ಕಪ್ಪು ಪೇಂಟೇ ಇಷ್ಟ.

ಎತ್ತಿ ಕೂರಿಸುವಾಗ ಜೊತೆಗೆ ಒಬ್ಬರಿರಲಿ. ಬೋಲ್ಟುಗಳನ್ನು ಮೊದಲು ಕೈಯಲ್ಲಿ ತಿರುಗಿಸಿ, ತೊಟ್ಟಿಯ ಗೆರೆಗೆ ಸಮ ಮಾಡಿ, ಆಮೇಲೆ ಬಿಗಿ ಮಾಡಿ, ಪ್ರತಿ ನಟ್ಟಿನಿಂದ ಪಕ್ಕದ ಪ್ಲೇಟಿಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಡಿ. ನಂತರ ಗಾಡಿಯ ಒಂದು ಹಿಂದಿನ ಚಕ್ರವನ್ನು ದಪ್ಪ ದಿಮ್ಮಿಯ ಮೇಲೆ ಹತ್ತಿಸಿ ಹ್ಯಾಂಡ್‌ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಒತ್ತು ಕೊಟ್ಟು, ಎರಡೂ ಮೂಲೆಯ ಸಂದಿನಲ್ಲಿ ಬೆರಳು ಹಾಕಿ ನೋಡಿ, ಹಿಂಬಾಗಿಲನ್ನೂ ಇಳಿಸಿ ನೋಡಿ. ಎಲ್ಲೂ ತಗುಲದಿದ್ದರೆ ಓಡಿಸಿ. ನೂರು ಕಿಲೋಮೀಟರ್ ಆದ ಮೇಲೆ ಮತ್ತೆ ಕೆಳಗೆ ತಲೆ ತೂರಿಸಿ ಬಿಳಿ ಗೆರೆಗಳನ್ನು ನೋಡಿ. ನನ್ನದರಲ್ಲಿ ಎಂಟು ನಟ್ಟುಗಳ ಪೈಕಿ ಎರಡು ನಟ್ಟುಗಳು ಕಾಲು ಸುತ್ತಿನಷ್ಟು ಸರಿದಿದ್ದವು.