ಬೀದರ್‌ನಿಂದ ಕೆನ್ಯಾದ ಮಕ್ಕಳ ಆಶ್ರಮಕ್ಕೆ ಸೇವೆಗೆ ಹೊರಡುವವರಿಗೆ

ಬೀದರ್‌ನ ಚರ್ಚ್ ಸಭೆಗಳಿಂದ ಕೆನ್ಯಾದ ಕ್ರೈಸ್ತ ಮಕ್ಕಳ ಆಶ್ರಮಕ್ಕೆ ಸೇವೆಗೆ ಹೊರಡಬಯಸುವವರು, ಆ ಆಶ್ರಮ ಅಲ್ಲಿನ ಸರ್ಕಾರದಲ್ಲಿ ನೋಂದಣಿಯಾಗಿದೆಯೇ, ಮಕ್ಕಳನ್ನು ಮನೆಯವರ ಬಳಿಗೆ ಮರಳಿಸಲು ಪ್ರಯತ್ನಿಸುತ್ತಿದೆಯೇ ಎಂಬುದನ್ನು ಮೊದಲು ಪತ್ರ ಬರೆದು ಕೇಳಬೇಕು. ಏಕೆಂದರೆ ಇಂಥ ಆಶ್ರಮಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿರುತ್ತಾರೆ. ನಿಮ್ಮ ಮೇಲೆ ಅಪರಾಧ ಪ್ರಕರಣಗಳಿಲ್ಲವೆಂಬ ಪೊಲೀಸ್ ಪ್ರಮಾಣಪತ್ರವನ್ನು ಕೇಳದೆಯೇ ಬರಮಾಡಿಕೊಳ್ಳುವ ಕಡೆಗೆ ದಯವಿಟ್ಟು ಹೋಗಬೇಡಿ. ಆ ಪ್ರಮಾಣಪತ್ರಕ್ಕೆ ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಅರ್ಜಿ ಸಲ್ಲಿಸಬಹುದು. ಹಳದಿ ಜ್ವರದ ಲಸಿಕೆಯನ್ನು ಪ್ರಯಾಣಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಿ.

ಅಪರಿಚಿತರಾದ ನಿಮ್ಮ ತೊಡೆಯನ್ನು ಮೊದಲ ದಿನವೇ ಏರಿ ಕುಳಿತು, ಕೊರಳಿಗೆ ಕೈಹಾಕಿ ಬಿಡದ ಪುಟ್ಟ ಮಗುವಿನ ಸಲಿಗೆಯ ಹಿಂದೆ, ಆಗಾಗ ಬಂದು ಅಗಲಿ ಹೋದವರು ಉಳಿಸಿದ ನೋವಿರಬಹುದು. ಆದ್ದರಿಂದ ಕೆಲವೇ ವಾರಗಳಿಗೆ ಹೋಗುವವರು ಮಕ್ಕಳ ಆರೈಕೆಯನ್ನು ಅಲ್ಲಿನ ಆಯಾಗಳಿಗೇ ಬಿಟ್ಟು, ಅಡುಗೆಮನೆ, ಲೆಕ್ಕಪತ್ರ, ದುರಸ್ತಿಯಂಥ ಕೆಲಸಗಳಲ್ಲಿ ಅವರಿಗೆ ನೆರವಾಗುವುದೇ ಉಚಿತ. ಮಕ್ಕಳ ಫೋಟೊಗಳನ್ನು ವಾಟ್ಸ್ಆ್ಯಪ್‌ನಲ್ಲಿ ಹಂಚಬಾರದು.