ಬನ್ನಿ ಎಲೆಯ ಶಿಕ್ಕಾ, ಬಂಗಾರದ ಇಂಕು: ದಸರಾ ಕಾರ್ಡ್ ನಾನು ಮಾಡೋ ರೀತಿ

ಶರತ್ಕಾಲದ ಕಾರ್ಡ್ ಅಂತ ಹುಡುಕಿದರೆ ಸಿಗೋದೆಲ್ಲ ಕೆಂಪು ಮೇಪಲ್ ಎಲೆ, ಕುಂಬಳಕಾಯಿ, ಉದುರಿದ ಎಲೆಗಳ ರಾಶಿ. ಚೆಂದ ಇರುತ್ತವೆ, ಇಲ್ಲ ಅನ್ನಲ್ಲ. ಆದರೆ ಬೆಳಗಾವಿಯಲ್ಲಿ ಅಕ್ಟೋಬರ್ ಎಲೆ ಉದುರೋ ತಿಂಗಳಲ್ಲ ಅಲ್ವಾ? ನಮ್ಮ ಕಡೆ ಸಾಗವಾನಿ ಬೋಳಾಗೋದು ಸಂಕ್ರಾಂತಿ ದಾಟಿದ ಮೇಲೆ. ಅಕ್ಟೋಬರಿನಲ್ಲಿ ಊರ ಹೊರಗೆ ಹೋದರೆ ಇನ್ನೂ ಹಸಿರು, ನಡುನಡುವೆ ಗುರೆಳ್ಳಿನ ಹಳದಿ ಹೂ, ಮಾರ್ಕೆಟ್ಟಿನಲ್ಲಿ ಚೆಂಡು ಹೂವಿನ ರಾಶಿ. ಹಾಗಾಗಿ ನನ್ನ ಕಾರ್ಡಿನಲ್ಲಿ ಇರೋದು ಬನ್ನಿ ಮತ್ತು ಚೆಂಡು ಹೂ, ಜೊತೆಗೆ ಮರಾಠಿ ಮನೆಗಳಲ್ಲಿ ದಸರಾಕ್ಕೆ ಬಂಗಾರ ಅಂತ ಕೊಡೋ ಆಪಟಾ ಎಲೆ. ಬನ್ನಿ ಕೊಟ್ಟು “ಬಂಗಾರ ತಗೊಂಡು ಬಂಗಾರದಂಗ ಇರೂಣು” ಅಂತೀವಲ್ಲ, ಊರು ಬಿಟ್ಟು ಪುಣೆ, ಬೆಂಗಳೂರು ಸೇರಿದವರಿಗೆ ಆ ಎಲೆ ಕೈಗೆ ಸಿಗಲ್ಲ. ಅವರಿಗೆ ಕಳಿಸೋಕೆ ಅಂತಲೇ ಇದು ಶುರುವಾಗಿದ್ದು.

ಮೊದಲೇ ಒಂದು ಮಾತು. ಹೊಸದಾಗಿ ಶುರು ಮಾಡುವವರು ಆನ್‌ಲೈನಿನಲ್ಲಿ ಸ್ಟಾಂಪ್ ಸೆಟ್‌ಗಳ ಮೇಲೆ ದುಡ್ಡು ಸುರಿಯುತ್ತಾರೆ. ಬೇಡ. ಕಾರ್ಡ್ ಚೆಂದ ಬರೋದು ಇಂಕಿನಿಂದ, ಆ ಇಂಕಿಗೆ ಸರಿಹೋಗೋ ಕಾಗದದಿಂದ. ಸ್ಟಾಂಪ್ ಎರಡು ಮೂರು ಇದ್ದರೆ ಸಾಕು, ಅದನ್ನೂ ಮನೆಯಲ್ಲೇ ಕೆತ್ತಬಹುದು.

ಕೆತ್ತೋದು ಪೆನ್ಸಿಲ್ ಅಳಿಸೋ ರಬ್ಬರ್ ಮೇಲೆ. ದೊಡ್ಡದು, ಬಿಳಿ, ಮೆತ್ತಗಿನದು ತಗೊಳ್ಳಿ. ಬಟರ್ ಪೇಪರ್ ಮೇಲೆ ಮೆತ್ತನೆ ಪೆನ್ಸಿಲ್‌ನಿಂದ ಎಲೆ ಬರೆದು, ಅದನ್ನು ರಬ್ಬರ್ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಗೆರೆ ಇಳಿಯುತ್ತೆ. ಹೀಗೆ ಮಾಡಿದರೆ ಎಡಬಲ ತಾನಾಗಿಯೇ ಉಲ್ಟಾ ಆಗಿರುತ್ತೆ, ಒತ್ತಿದಾಗ ನೀವು ಬರೆದ ಹಾಗೇ ಬರುತ್ತೆ. ಲಿನೊ ಕಟರ್ (ಅಚ್ಚು ಕೊರೆಯೋ ಸಣ್ಣ ಉಳಿ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಪೇಪರ್ ಕಟರ್ ಬ್ಲೇಡಿನ ತುದಿಯೂ ನಡೆಯುತ್ತೆ. ಬ್ಲೇಡನ್ನು ಗೆರೆಯಿಂದ ಹೊರಗೆ ಇಳಿಜಾರಾಗಿ ಹಿಡಿಯಬೇಕು. ಗೆರೆಯ ಬುಡ ಅಗಲವಾಗಿ ಉಳಿಯಬೇಕು. ಒಳಗೆ ಕೊರೆದುಬಿಟ್ಟರೆ ಒತ್ತುವಾಗ ಗೆರೆ ಮಗುಚಿಕೊಂಡು ದಪ್ಪ ಬರುತ್ತೆ, ಆಮೇಲೆ ಕಿತ್ತೂ ಹೋಗುತ್ತೆ. ತಿರುವು ಬಂದಾಗ ಬ್ಲೇಡ್ ಹಿಡಿದ ಕೈ ಅಲ್ಲೇ ಇರಲಿ, ರಬ್ಬರನ್ನು ತಿರುಗಿಸಿ.

ಆಪಟಾ ಎಲೆ ಸುಲಭ, ಎರಡು ಹೋಳು, ನಡುವೆ ಒಂದು ಸೀಳು, ನಾಲ್ಕೈದು ನರ. ಬನ್ನಿ ಕಷ್ಟ. ಅದರ ಎಲೆ ಅಂದ್ರೆ ಕಡ್ಡಿಯ ಎರಡೂ ಕಡೆ ಸಾಲಾಗಿ ಪುಟ್ಟ ಪುಟ್ಟ ಎಸಳು. ಅದನ್ನೆಲ್ಲ ಒಂದೇ ರಬ್ಬರಿನಲ್ಲಿ ಕೆತ್ತೋಕೆ ಹೋಗಬೇಡಿ. ಒಂದು ಕಡ್ಡಿ, ಅದಕ್ಕೆ ಐದಾರು ಜೋಡಿ ಎಸಳು, ಅಷ್ಟೇ ಕೆತ್ತಿ. ಅದನ್ನೇ ಬೇರೆ ಬೇರೆ ಓರೆಯಲ್ಲಿ ಒತ್ತಿದರೆ ಟೊಂಗೆ ಆಗುತ್ತೆ, ಸಾಲಾಗಿ ಒತ್ತಿದರೆ ತೋರಣ ಆಗುತ್ತೆ. ಚೆಂಡು ಹೂವಿಗೆ ಹೊರಗಿನ ಎಸಳಿನದೊಂದು, ಒಳಗಿನ ಗುಂಡಗಿನದೊಂದು, ಎರಡು ಅಚ್ಚು.

ಇನ್ನೊಂದು ವಿಷಯ. ಈ ಬಿಳಿ ರಬ್ಬರ್ ಹೆಸರಿಗೆ ಮಾತ್ರ ರಬ್ಬರ್, ಹೆಚ್ಚಿನವು ಪಿವಿಸಿ. ಅದನ್ನು ಮೆತ್ತಗೆ ಮಾಡೋಕೆ ಹಾಕಿರೋ ಎಣ್ಣೆಯಂಥ ವಸ್ತು ಪ್ಲಾಸ್ಟಿಕ್ ಡಬ್ಬಿಯನ್ನು ತಿಂದುಬಿಡುತ್ತೆ. ಕಂಪಾಸ್ ಬಾಕ್ಸಿನಲ್ಲಿ ಸ್ಕೇಲಿಗೆ ರಬ್ಬರ್ ಅಂಟಿ ಕೂತಿರೋದನ್ನು ಎಲ್ಲರೂ ನೋಡಿರುತ್ತೀರಿ. ಕೆತ್ತಿದ ಅಚ್ಚನ್ನು ಕಾಗದದಲ್ಲಿ ಸುತ್ತಿ ತಗಡಿನ ಡಬ್ಬಿಯಲ್ಲಿಡಿ.

ಅಕ್ಷರ ಮಾತ್ರ ನಾನು ಕೆತ್ತಲ್ಲ. ಕನ್ನಡದ ಒತ್ತಕ್ಷರಗಳ ಸಣ್ಣ ಹೊಟ್ಟೆ ಕೊರೆಯೋಕೆ ತಾಳ್ಮೆ ಬೇಕು, ಕೊರೆದರೂ ಇಂಕು ತುಂಬಿ ಮುಚ್ಚಿಹೋಗುತ್ತೆ. ಅದಕ್ಕೆ ವಕೀಲರಿಗೆ, ಸೊಸೈಟಿಗಳಿಗೆ ಶಿಕ್ಕಾ ಮಾಡಿಕೊಡೋ ಅಂಗಡಿಗೆ ಹೋದೆ. ಶುಭಾಶಯ ಬರೆದು ಒಯ್ದಿದ್ದ ಕಾಗದ ನೋಡಿದ ಅಂಗಡಿಯವರು, “ಅಕ್ಕಾರ, ಇದರಾಗ ಹೆಸರಿಲ್ಲ, ಹುದ್ದೆ ಇಲ್ಲ, ಯಾರ ಶಿಕ್ಕಾ ಅಂತ ಮಾಡ್ಲಿರಿ?” ಅಂದರು. ದಸರಾ ಕಾರ್ಡಿಗೆ ಅಂತ ಹೇಳಿದ ಮೇಲೆ ಅವರೇ ಖುಷಿಯಾಗಿ ನಾಲ್ಕು ಥರದ ಅಕ್ಷರ ತೋರಿಸಿದರು. ಅಲ್ಲಿ ಕೇಳಬೇಕಾದ್ದು ಮರದ ಹಿಡಿಯ ಪಾಲಿಮರ್ ಸ್ಟಾಂಪ್. ಒಳಗೇ ಇಂಕಿರೋ, ಒತ್ತಿದರೆ ಟಕ್ ಅಂತ ತಾನೇ ಹೊರಳೋ ಸ್ಟಾಂಪ್ ಬೇಡ, ಅದರಲ್ಲಿ ಬಣ್ಣ ಬದಲಾಯಿಸೋಕೆ ಆಗಲ್ಲ. ಅಕ್ಷರ ಸ್ವಲ್ಪ ದೊಡ್ಡದಾಗಿ, ತೆಳುಗೆರೆ ಇಲ್ಲದ ಹಾಗೆ ಮಾಡಿಸಿ.

ಈಗ ಇಂಕು. ಆಫೀಸಿನ ನೇರಳೆ ಪ್ಯಾಡ್‌ನಿಂದ ಶುರು ಮಾಡಬಹುದು, ತಪ್ಪೇನಿಲ್ಲ, ಆದರೆ ಏನೇ ಒತ್ತಿದರೂ ತಹಸೀಲ್ದಾರ್ ಕಚೇರಿಯಿಂದ ಬಂದ ನೋಟಿಸಿನ ಹಾಗೆ ಕಾಣುತ್ತೆ. ಕಾರ್ಡಿಗೆ ಮುಖ್ಯವಾಗಿ ಎರಡು ಥರದ ಇಂಕು. ಡೈ ಇಂಕು ಕಾಗದದೊಳಗೆ ಇಳಿಯುತ್ತೆ, ಬೇಗ ಒಣಗುತ್ತೆ, ಸಣ್ಣ ಗೆರೆ ಚೊಕ್ಕ ಬರುತ್ತೆ. ಬಿಸಿಲಿಗೆ ಇಟ್ಟರೆ ಮಾಸುತ್ತೆ. ಪಿಗ್ಮೆಂಟ್ ಇಂಕಿನಲ್ಲಿ ಬಣ್ಣದ ಪುಡಿಯೇ ಇರುತ್ತೆ, ಅದು ಕಾಗದದ ಮೇಲೆ ಕೂರುತ್ತೆ. ಗಾಢ ಬಣ್ಣದ ಕಾಗದದ ಮೇಲೂ ಎದ್ದು ಕಾಣುತ್ತೆ, ಬೇಗ ಮಾಸಲ್ಲ, ಆದರೆ ಒಣಗೋಕೆ ಸತಾಯಿಸುತ್ತೆ. ಬಂಗಾರದ ಬಣ್ಣ ಬೇಕು ಅಂದ್ರೆ ಪಿಗ್ಮೆಂಟೇ ಆಗಬೇಕು. ನುಣುಪಾದ ಮಿರುಗೋ ಕಾಗದದ ಮೇಲೆ ಅದು ದಿನಗಟ್ಟಲೆ ಹಸಿಯಾಗೇ ಇರುತ್ತೆ, ಬೆರಳು ತಾಗಿದರೆ ಹೋಯ್ತು. ಲಗ್ನಪತ್ರಿಕೆ ಛಾಪಿಸೋ ಪ್ರೆಸ್ಸಿನಲ್ಲಿ ಉಳಿದ ತುಂಡು ಕಾಗದ ಅಗ್ಗಕ್ಕೆ ಸಿಗುತ್ತೆ, ನಾನೂ ತರುತ್ತೇನೆ, ಆದರೆ ಮಿರುಗದ್ದನ್ನು ಮಾತ್ರ ಆರಿಸಿ.

ಕಾಗದದ ದಪ್ಪ 250ರಿಂದ 300 ಜಿಎಸ್‌ಎಂ (ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತೆ ಅನ್ನೋ ಅಳತೆ) ಇರಲಿ. ಎ4 ಹಾಳೆಯನ್ನು ಅಡ್ಡಕ್ಕೆ ಎರಡು ಮಾಡಿ, ಒಂದೊಂದು ತುಂಡನ್ನು ನಡುವೆ ಮಡಚಿದರೆ 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರದ ಕಾರ್ಡ್ ಆಗುತ್ತೆ. ಮಡಚೋ ಮೊದಲು ರೀಫಿಲ್ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲ್ ಇಟ್ಟು ಒಂದು ಗೆರೆ ಎಳೆಯಿರಿ, ಮಡಿಕೆ ಒಡೆಯಲ್ಲ. ಹಾಳೆ ಯಾವ ಕಡೆಗೆ ಸುಲಭವಾಗಿ ಬಾಗುತ್ತೋ ಆ ಕಡೆಗೇ ಮಡಿಕೆ ಬರೋ ಹಾಗೆ ಕತ್ತರಿಸಿಕೊಂಡರೆ ಇನ್ನೂ ಚೊಕ್ಕ.

ಒತ್ತುವಾಗ ಅಚ್ಚನ್ನು ಪ್ಯಾಡಿಗೆ ಗಟ್ಟಿಯಾಗಿ ಅದುಮಬೇಡಿ. ಅಚ್ಚನ್ನು ಮುಖ ಮೇಲೆ ಮಾಡಿ ಹಿಡಿದು ಪ್ಯಾಡನ್ನೇ ಅದರ ಮೇಲೆ ಮೆಲ್ಲಗೆ ತಟ್ಟಿ, ಇಂಕು ಗೆರೆಗಳ ಮೇಲಷ್ಟೇ ಕೂರುತ್ತೆ, ಕೊರೆದ ತಗ್ಗಿಗೆ ಇಳಿಯಲ್ಲ. ಕಾರ್ಡಿನ ಕೆಳಗೆ ನಾಲ್ಕೈದು ಪದರ ಪೇಪರ್ ಹಾಸಿ. ನೇರ ಒತ್ತಿ, ನೇರ ಎತ್ತಿ. ಅಲ್ಲಾಡಿಸಿದರೆ ಅಂಚು ಎರಡೆರಡಾಗಿ ಬರುತ್ತೆ.

ನನಗೆ ಇಷ್ಟವಾದ ಉಪಾಯ ಅಂದ್ರೆ ಒಮ್ಮೆ ಇಂಕು ಹಚ್ಚಿ ಎರಡು ಸಲ ಒತ್ತೋದು. ಮೊದಲನೆಯದು ಗಾಢ, ಎರಡನೆಯದು ತಿಳಿ. ತಿಳಿ ಎಲೆಗಳು ಹಿಂದೆ ಇರುವ ಹಾಗೆ ಕಾಣುತ್ತವೆ, ಒಂದೇ ಪ್ಯಾಡಿನಲ್ಲಿ ಟೊಂಗೆಗೆ ಆಳ ಬರುತ್ತೆ. ಹೂವಿನ ಹಿಂದಿನಿಂದ ಎಲೆ ಇಣುಕೋ ಹಾಗೆ ಬೇಕಾದರೆ ಮೊದಲು ಹೂ ಒತ್ತಿ. ಅದೇ ಹೂವನ್ನು ತೆಳು ಕಾಗದದ ಮೇಲೆ ಒತ್ತಿ ಕತ್ತರಿಸಿ ಅದರ ಮೇಲೆ ಮುಚ್ಚಿ, ಆಮೇಲೆ ಎಲೆ ಒತ್ತಿ ಮುಚ್ಚಳ ತೆಗೆಯಿರಿ. ಬಣ್ಣದ ಪ್ಯಾಡ್ ಇಲ್ಲದವರು ಮಕ್ಕಳ ನೀರಿನ ಸ್ಕೆಚ್ ಪೆನ್ನಿನಿಂದ ಅಚ್ಚಿಗೇ ಬಣ್ಣ ಬಳಿಯಬಹುದು. ಬಳಿಯೋಷ್ಟರಲ್ಲಿ ಒಣಗಿರುತ್ತೆ, ಬಾಯಿಂದ “ಹಾ” ಅಂತ ಒಮ್ಮೆ ಉಸಿರು ಬಿಟ್ಟರೆ ಮತ್ತೆ ಹಸಿಯಾಗುತ್ತೆ. ಒಂದೇ ಹೂವಿನಲ್ಲಿ ಹಳದಿ, ಕಿತ್ತಳೆ, ಸ್ವಲ್ಪ ಕೆಂಪು ಮೂರೂ ತರೋಕೆ ಇದೇ ದಾರಿ.

ಬಂಗಾರಕ್ಕೆ ಬರೋಣ. ಕಡುಹಸಿರು ಅಥವಾ ಮರೂನ್ ಕಾಗದ, ಅದರ ಮೇಲೆ ಬಂಗಾರದ ಬನ್ನಿ. ಬರೀ ಇಂಕು ಒತ್ತಿದರೆ ಮಂಕಾಗಿರುತ್ತೆ, ಎಂಬಾಸಿಂಗ್ ಪೌಡರ್ (ಕಾಯಿಸಿದರೆ ಕರಗಿ ಉಬ್ಬಿ ಕೂರೋ ಪುಡಿ) ಹಾಕಿದರೆ ಹೊಳೆಯುತ್ತೆ, ಮುಟ್ಟಿದರೆ ಉಬ್ಬು ಸಿಗುತ್ತೆ. ಮೊದಲು ಕಾಗದದ ಮೇಲೆ ಒಂಚೂರು ಟಾಲ್ಕಮ್ ಪೌಡರ್ ಒರೆಸಿ. ನಮ್ಮೂರ ಹವೆಯಲ್ಲಿ ಕಾಗದ ತೇವ ಹಿಡಿದಿರುತ್ತೆ, ಇಲ್ಲಾಂದ್ರೆ ಪುಡಿ ಎಲ್ಲೆಂದರಲ್ಲಿ ಅಂಟುತ್ತೆ. ಪಿಗ್ಮೆಂಟ್ ಇಂಕಿನಲ್ಲಿ ಒತ್ತಿ, ಹಸಿ ಇರುವಾಗಲೇ ಪುಡಿ ಉದುರಿಸಿ, ಕೊಡವಿ, ಉಳಿದದ್ದನ್ನು ವಾಪಸ್ ಡಬ್ಬಿಗೆ ಹಾಕಿ. ಅಲ್ಲಲ್ಲಿ ಚೆಲ್ಲಿದ ಕಣಗಳನ್ನು ಒಣ ಬ್ರಷ್ಷಿನಿಂದ ತೆಗೆಯಿರಿ.

ಆಮೇಲೆ ಶಾಖ ಬೇಕು. ಹೇರ್ ಡ್ರೈಯರ್ ಉಪಯೋಗಕ್ಕಿಲ್ಲ, ಶಾಖ ಸಾಲಲ್ಲ, ಪುಡಿಯೆಲ್ಲ ಹಾರಿಹೋಗುತ್ತೆ. ಹೀಟ್ ಗನ್ (ಇನ್ನೂ ಬಿಸಿ ಗಾಳಿ ಊದೋ ಯಂತ್ರ) ಇದ್ದವರು ಅದನ್ನು ಬಳಸಿ. ನಾನು ರೊಟ್ಟಿ ಹಂಚು ಬಳಸುತ್ತೇನೆ. ಹಂಚು ಚೆನ್ನಾಗಿ ಕಾದ ಮೇಲೆ ಒಲೆ ಆರಿಸಿ, ಕಾರ್ಡನ್ನು ಚಿಮಟದಲ್ಲಿ ಹಿಡಿದು, ಒತ್ತಿದ ಮುಖ ಮೇಲಿರೋ ಹಾಗೆ ಹಂಚಿನಿಂದ ಒಂದಿಂಚು ಮೇಲೆ ಮೆಲ್ಲಗೆ ಆಡಿಸಬೇಕು. ಒಂದಷ್ಟು ಹೊತ್ತು ಏನೂ ಆಗಲ್ಲ. ಎಲೆ ಮರಳು ಮರಳಾಗಿಯೇ ಇರುತ್ತೆ. ಆಮೇಲೆ ಒಂದು ಅಂಚಿನಿಂದ ಪುಡಿ ಕರಗೋಕೆ ಶುರುವಾಗಿ, ಎಸಳಿಂದ ಎಸಳಿಗೆ ಹೊಳಪು ಓಡುತ್ತೆ. ಕೊನೆಯ ಎಸಳು ಹೊಳೆದ ಕೂಡಲೇ ತೆಗೆಯಿರಿ. ಜಾಸ್ತಿ ಕಾದರೆ ಬಂಗಾರ ಕಾಗದದೊಳಗೆ ಇಳಿದು ಎಣ್ಣೆ ಕಲೆಯಾಗುತ್ತೆ. ಮನೆಯವರು ರೊಟ್ಟಿ ಮಾಡೋ ಹೊತ್ತಿಗೆ ಹಂಚು ಕೇಳೋಕೆ ಹೋಗಬೇಡಿ, ಅದು ನಿಮ್ಮ ಜವಾಬ್ದಾರಿ.

ಅಚ್ಚು ತೊಳೆಯೋಕೆ ಒದ್ದೆ ಬಟ್ಟೆ, ಸ್ವಲ್ಪ ಸೋಪು ಸಾಕು. ಥಿನ್ನರ್ ಬೇಡ.

ಪೋಸ್ಟ್ ಮಾಡುವವರಿಗೆ ಒಂದು ಲೆಕ್ಕ. ಎ4 ಹಾಳೆ ಅಂದ್ರೆ ಒಂದು ಚದರ ಮೀಟರಿನ 16ನೇ ಒಂದು ಭಾಗ. 300 ಜಿಎಸ್‌ಎಂ ಕಾಗದದಲ್ಲಿ ಅರ್ಧ ಹಾಳೆ ಒಂಬತ್ತೂವರೆ ಗ್ರಾಂ ಹತ್ತಿರ ಬರುತ್ತೆ, ಲಕೋಟೆ ಸೇರಿಸಿದರೂ ಸಾದಾ ಅಂಚೆ ದರದ ಮೊದಲ ಹಂತವಾದ 20 ಗ್ರಾಂ ದಾಟಲ್ಲ. ಮಣಿ, ಕುಂದಣ ಅಂಟಿಸಿದರೆ ದಾಟುತ್ತೆ, ಮೇಲಾಗಿ ಲಕೋಟೆಯೂ ಹರಿಯುತ್ತೆ. ಉಬ್ಬು ಬಂಗಾರದ ಮೇಲೆ ಒಂದು ಬಟರ್ ಪೇಪರ್ ಇಡಿ, ವಿಳಾಸ ಬಾಲ್ ಪೆನ್ನಿನಲ್ಲಿ ಬರೆಯಿರಿ, ಜೆಲ್ ಪೆನ್ನಿನ ಇಂಕು ಒಂದು ಹನಿ ಮಳೆಗೂ ಕದಡಿಹೋಗಬಹುದು. ದಸರಾ ಯಾವತ್ತು ಅಂತ ಮೊದಲೇ ಕ್ಯಾಲೆಂಡರ್ ನೋಡಿಕೊಳ್ಳಿ. 2024ರಲ್ಲಿ ಅಕ್ಟೋಬರ್ 12ಕ್ಕೆ ಇತ್ತು, 2025ರಲ್ಲಿ ಗಾಂಧಿ ಜಯಂತಿಯ ದಿನವೇ ಬಂತು, ಹತ್ತು ದಿನ ಮುಂಚೆ. ಬನ್ನಿ ಒತ್ತದೆ ಚೆಂಡು ಹೂ ಮಾತ್ರ ಒತ್ತಿದ ಕಾರ್ಡ್ ಉಳಿದರೆ ಚಿಂತೆ ಇಲ್ಲ, ದೀಪಾವಳಿ ಅಮಾವಾಸ್ಯೆಗೆ ಇನ್ನೂ ಇಪ್ಪತ್ತು ದಿನ ಇರುತ್ತೆ.